ಬಾಯಲ್ಲಿ ಮಗ್ಗಿ ಇದೆ, ಕೈಗೆ ಟೇಪು ಕೊಡಿ!

ಎರಡು ಸೈಟುಗಳಿವೆ ಅಂತಿಟ್ಟುಕೊಳ್ಳಿ. ಒಂದು ಮೂವತ್ತು ನಲವತ್ತು. ಇನ್ನೊಂದು ಇಪ್ಪತ್ತು ಐವತ್ತು. ಬ್ರೋಕರು ಬಂದು, "ಎರಡಕ್ಕೂ ಸುತ್ತಳತೆ ಒಂದೇ ಸ್ವಾಮಿ, 140 ಅಡಿ. ಕಾಂಪೌಂಡಿಗೆ ಬೀಳೋ ಖರ್ಚೂ ಒಂದೇ. ಯಾವುದಾದ್ರೂ ತಗೊಳ್ಳಿ, ರೇಟೂ ಒಂದೇ" ಅಂತಾನೆ. ಸುತ್ತಳತೆಯ ಮಾತು ಸುಳ್ಳಲ್ಲ. 30, 40, 30, 40 ಕೂಡಿದರೆ 140. 20, 50, 20, 50 ಕೂಡಿದರೂ 140. ಆದರೆ ಮೊದಲನೆಯದು 1200 ಚದರಡಿ, ಎರಡನೆಯದು 1000 ಚದರಡಿ. ಅಡಿಗೆ ಎರಡು ಸಾವಿರ ಅಂತ ಹಿಡಿದರೂ ನಾಲ್ಕು ಲಕ್ಷ ರೂಪಾಯಿ ಮಣ್ಣುಪಾಲು. ಮಣ್ಣೂ ಸಿಗಲಿಲ್ಲ ಅನ್ನೋದೇ ಇಲ್ಲಿ ದುಃಖದ ವಿಷಯ.

ಈ ಮೋಸಕ್ಕೆ ಬೀಳುವವರು ಓದದವರು ಮಾತ್ರ ಅಂದುಕೊಳ್ಳಬೇಡಿ. ಇಪ್ಪತ್ತರ ಮಗ್ಗಿಯವರೆಗೆ ಗಡಗಡ ಹೇಳುವವರೂ ಬೀಳ್ತಾರೆ. "30×40 ಸೈಟಿನ ಎರಡರಷ್ಟು ದೊಡ್ಡ ಸೈಟು ಯಾವುದು?" ಅಂತ ಹತ್ತು ಜನರನ್ನು ಕೇಳಿ ನೋಡಿ. ಥಟ್ಟನೆ "60×80" ಅನ್ನುವವರು ಸಿಕ್ಕೇ ಸಿಗ್ತಾರೆ. 60×80 ಅಂದರೆ 4800 ಚದರಡಿ. ಅದು ಎರಡರಷ್ಟಲ್ಲ, ನಾಲ್ಕರಷ್ಟು. ಎರಡರಷ್ಟು ಬೇಕಾದರೆ 60×40 ಸಾಕು. ಮಗ್ಗಿ ಬಾಯಲ್ಲಿದೆ, ಕಣ್ಣಿಗೆ ಕಾಣ್ತಿಲ್ಲ. ನಮ್ಮ ಪ್ರಾಥಮಿಕ ಶಾಲೆಗಳ ಗುಣಾಕಾರದ ಪಾಠದಲ್ಲಿ ಇರುವ ತೊಡಕೇ ಇದು.

ಏಳೆಂಟ್ಲ ಐವತ್ತಾರು, ಆಮೇಲೆ?

ಯಾವುದೇ ಊರಿನ ಶಾಲೆ ಮುಂದೆ ಸಂಜೆ ಹೊತ್ತು ಹಾದು ಹೋದರೆ ಈಗಲೂ ಆ ರಾಗ ಕೇಳೀತು. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು, ಏಳ್ಮೂರ್ಲ ಇಪ್ಪತ್ತೊಂದು... ಮಕ್ಕಳು ಒಂದೇ ಉಸಿರಿಗೆ ಹೇಳ್ತಾರೆ. ನಡುವೆ ನಿಲ್ಲಿಸಿ "ಏಳೆಂಟ್ಲ ಎಷ್ಟು?" ಅಂದರೆ ಕೆಲವು ಮಕ್ಕಳು ಮತ್ತೆ ಏಳೊಂದ್ಲದಿಂದ ಶುರು ಹಚ್ಚಿಕೊಳ್ತಾರೆ. ಹಾಡಿನ ನಡುವಿನ ಸಾಲು ಕೇಳಿದರೆ ಮೊದಲಿಂದ ಹಾಡಿಕೊಂಡೇ ಹೇಳಬೇಕಾದ ಹಾಗೆ. ಅಂಥ ಮಗುವಿಗೆ ಅದು ಲೆಕ್ಕವಲ್ಲ, ಪದ್ಯ.

ಪದ್ಯವಾದರೂ ತಪ್ಪೇನಿಲ್ಲ ಅಂತ ಹಿರಿಯರು ಹೇಳ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಮಗ್ಗಿ ಬಾಯಿಗೆ ಬರದಿದ್ದರೆ ದೊಡ್ಡ ಲೆಕ್ಕ ಮಾಡುವಾಗ ಪ್ರತಿ ಹೆಜ್ಜೆಗೂ ಎಡವಬೇಕಾಗುತ್ತೆ. ಆದರೆ ಬರೀ ಪದ್ಯ ಕಲಿತ ಮಗು ತಿರುವುಮುರುವು ಲೆಕ್ಕ ಬಂದಾಗ ಕೈಚೆಲ್ಲುತ್ತೆ. ಭಾಗಾಕಾರ ಅಂದರೆ ಮಗ್ಗಿಯನ್ನು ಹಿಂದಿನಿಂದ ಓದೋದು ತಾನೇ? ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ 'ಅಸರ್' ಸಮೀಕ್ಷೆಯಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಕೊಡ್ತಾರೆ. 2022 ರಲ್ಲಿ ದೇಶದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಇದನ್ನು ಮಾಡಿದವರು ನೂರಕ್ಕೆ ಸುಮಾರು 25. 2024 ರಲ್ಲಿ ಸುಮಾರು 30. ಏರಿದೆ, ಸಂತೋಷ. ಆದರೆ ಮಿಕ್ಕ 70 ಮಕ್ಕಳ ಗತಿ?

ಇವರೇ ನಾಳೆ ಸೈಟು ಕೊಳ್ಳುವವರು, ಹೊಲ ಭಾಗ ಮಾಡಿಕೊಳ್ಳುವವರು, ಗೊಬ್ಬರ ತರುವವರು, ಸಾಲದ ಕಂತು ಕಟ್ಟುವವರು.

ಹೊಸದೇನಲ್ಲ, ಮರೆತದ್ದು

ಅಳತೆಯಿಂದ ಲೆಕ್ಕ ಕಲಿಸೋದು ಯಾವುದೋ ಪರದೇಶದ ಹೊಸ ಫ್ಯಾಷನ್ನು ಅಂತ ಮೂಗು ಮುರಿಯುವವರಿದ್ದಾರೆ. ನಮ್ಮ ನಾಡಿನ ಚರಿತ್ರೆ ಬೇರೆಯೇ ಹೇಳುತ್ತೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಹೊಲಗದ್ದೆ, ಚೌಕ, ತ್ರಿಕೋನಗಳ ಅಳತೆಗೇ ಒಂದು ಬೇರೆ ಅಧ್ಯಾಯವಿದೆ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ಅವನ ಪುಸ್ತಕಗಳ ಹೆಸರೇ 'ವ್ಯವಹಾರಗಣಿತ', 'ಕ್ಷೇತ್ರಗಣಿತ'. ವ್ಯವಹಾರ ಮತ್ತು ಕ್ಷೇತ್ರ, ಅಂದರೆ ಅಂಗಡಿ ಮತ್ತು ಹೊಲ. ಲೆಕ್ಕ ಹುಟ್ಟಿದ್ದು ಅಲ್ಲೇ ಅಂತ ಅವರಿಗೆ ಗೊತ್ತಿತ್ತು.

ಅಜ್ಜಂದಿರ ಕಾಲದಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಬಾಯಿಪಾಠ ಮಾಡಿಸ್ತಿದ್ದರು. ಯಾಕೆ? ಸಂತೆಯಲ್ಲಿ ಮುಕ್ಕಾಲು ಸೇರು ಕೊಳ್ಳೋದಿತ್ತು, ಕಾಲಾಣೆ ಲೆಕ್ಕವಿತ್ತು. ಮಗು ಸಂಜೆ ಮಂತ್ರ ಹೇಳಿ ಬೆಳಿಗ್ಗೆ ಅಂಗಡಿಯಲ್ಲಿ ಅದನ್ನೇ ಕೈಯಾರೆ ಅಳೀತಿತ್ತು. ಬಾಯಿ ಮತ್ತು ಕೈ ಎರಡೂ ಜೊತೆಯಲ್ಲಿದ್ದವು. 1956 ರಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂತು, ಸೇರು ಪಾವು ಹಿಂದೆ ಸರಿದವು. ಕಿಲೋ ಪ್ಯಾಕೆಟ್ಟುಗಳು ಬಂದವು, ಬಿಲ್ಲನ್ನು ಯಂತ್ರವೇ ಹಾಕತೊಡಗಿತು. ಈಗ ಮಗುವಿನ ಬಾಯಲ್ಲಿ ಮಗ್ಗಿ ಉಳಿದಿದೆ, ಕೈಯಿಂದ ಅಳತೆ ಜಾರಿದೆ.

ಚೌಕುಳಿ ಹಾಳೆಯ ಚಮತ್ಕಾರ

ಹಾಗಾದರೆ ಮಾಡೋದೇನು? ದುಬಾರಿ ಸಾಮಾನು ಬೇಡ. ಚೌಕುಳಿ ಇರುವ ಲೆಕ್ಕದ ನೋಟ್ ಬುಕ್ಕು ಒಂದು ಸಾಕು.

ಅದರಲ್ಲಿ ಉದ್ದಕ್ಕೆ 8 ಮನೆ, ಅಗಲಕ್ಕೆ 7 ಮನೆ ಗೆರೆ ಎಳೆಯಿರಿ. ಒಳಗಿನ ಚೌಕ ಎಣಿಸಿ, 56. ಪುಸ್ತಕ ತಿರುಗಿಸಿ ಹಿಡಿಯಿರಿ. ಈಗ ಅದೇ ಚೌಕಗಳು ಎಂಟೇಳ್ಲ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಏಳೆಂಟ್ಲ ಬಂದರೆ ಎಂಟೇಳ್ಲ ಬೇರೆ ಕಲಿಯಬೇಕಿಲ್ಲ ಅನ್ನೋದು ಮಗುವಿಗೆ ಯಾರೂ ಹೇಳದೆ ಗೊತ್ತಾಯಿತು.

ಇದರ ಲಾಭ ಎಷ್ಟು ನೋಡಿ. ಒಂದರಿಂದ ಹತ್ತರವರೆಗಿನ ಮಗ್ಗಿಯಲ್ಲಿ ಒಟ್ಟು 100 ಸಾಲು. ಒಂದರದ್ದು, ಹತ್ತರದ್ದು ಯಾವ ಮಗುವಿಗೂ ಕಷ್ಟವಿಲ್ಲ. ಉಳಿದದ್ದು 64. ತಿರುಗಿಸಿದರೆ ಒಂದೇ ಆಗುವ ಜೋಡಿಗಳನ್ನು ಬಿಟ್ಟರೆ 36. ಎರಡರದ್ದು, ಐದರದ್ದು ಸಲೀಸು, ಅವನ್ನೂ ಬಿಡಿ. ಕೊನೆಗೆ ಉಳಿಯೋದು ಬರೀ 21. ನೂರು ಅಂತ ಹೆದರಿಸಿದ ಮೇಷ್ಟ್ರು ಇಪ್ಪತ್ತೊಂದೇ ಅಂದಿದ್ದರೆ ಎಷ್ಟು ಮಕ್ಕಳ ಹೊಟ್ಟೆನೋವು ಶಾಲೆ ಹೊತ್ತಿಗೆ ಬರ್ತಿರಲಿಲ್ಲವೋ!

ಇನ್ನು ಎರಡಂಕಿ ಗುಣಾಕಾರಕ್ಕೆ ಬನ್ನಿ. 14 ಅನ್ನು 12 ರಿಂದ ಗುಣಿಸುವಾಗ ಎರಡನೇ ಸಾಲಿನಲ್ಲಿ "ಒಂದು ಮನೆ ಬಿಟ್ಟು ಬರಿ" ಅಂತಾರೆ. ಯಾಕೆ ಬಿಡಬೇಕು? ನಮ್ಮಲ್ಲಿ ಎಷ್ಟು ಜನ ಅದನ್ನು ಕೇಳಿದ್ದೇವೆ? ಕೇಳಿದವರಿಗೆ "ಬಿಡು ಅಂದ್ರೆ ಬಿಡು" ಅನ್ನೋದೇ ಉತ್ತರ. ಚೌಕುಳಿ ಹಾಳೆ ಕಾರಣ ಹೇಳುತ್ತೆ. 14 ಉದ್ದ, 12 ಅಗಲ ಗೆರೆ ಹಾಕಿ. ಉದ್ದವನ್ನು 10 ಮತ್ತು 4 ಅಂತ, ಅಗಲವನ್ನು 10 ಮತ್ತು 2 ಅಂತ ಸೀಳಿ. ನಾಲ್ಕು ತುಂಡಾಯಿತು. ದೊಡ್ಡದು ಹತ್ತತ್ಲ 100. ಪಕ್ಕದ್ದು ಹತ್ನಾಲ್ಕ್ಲ 40. ಕೆಳಗೆ 20, ಮೂಲೆಯಲ್ಲಿ 8. ಒಟ್ಟು 168. ಕೆಳಗಿನ ಎರಡು ತುಂಡು ಸೇರಿದರೆ 28. ಅದು ಮೇಷ್ಟ್ರ ಮೊದಲ ಸಾಲು. ಮೇಲಿನ ಎರಡು ಸೇರಿದರೆ 140. ಅದು ಎರಡನೇ ಸಾಲು. ಬಿಟ್ಟ ಮನೆ ಖಾಲಿ ಮನೆಯಲ್ಲ ಸ್ವಾಮಿ, ಅಲ್ಲೊಂದು ಸೊನ್ನೆ ಕೂತಿದೆ. ಹತ್ತರಿಂದ ಗುಣಿಸಿದ್ದಕ್ಕೆ ಬಂದ ಸೊನ್ನೆ ಅದು.

ಲೋಟ, ಚೊಂಬು, ಕೊಡ

ಗುಣಾಕಾರ ಅಂದರೆ ಪದೇಪದೇ ಕೂಡೋದು ಅಂತ ಕಲಿಸೋದು ವಾಡಿಕೆ. ತಪ್ಪಲ್ಲ, ಆದರೆ ಅರ್ಧ ಮಾತು. ರಷ್ಯಾದಲ್ಲಿ ಸೋವಿಯತ್ ಕಾಲದಲ್ಲಿ ದಾವಿದೋವ್ ಎಂಬ ಮನಃಶಾಸ್ತ್ರಜ್ಞ ಮತ್ತು ಅವನ ಹಿರಿಯ ಸಂಗಾತಿ ಎಲ್ಕೋನಿನ್ ಮಾಸ್ಕೋದ ಒಂದು ಶಾಲೆಯಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಅವರು ಗುಣಾಕಾರವನ್ನು ಅಳತೆಯಿಂದಲೇ ತೆಗೆದರು. ಸಣ್ಣ ಬಟ್ಟಲಿನಿಂದ ದೊಡ್ಡ ಪಾತ್ರೆ ಅಳೆಯೋದು ಬೇಸರದ ಕೆಲಸ. ಹಾಗಾಗಿ ನಡುವೆ ಒಂದು ದೊಡ್ಡ ಅಳತೆ ಇಟ್ಟುಕೋ. ಅದರಲ್ಲಿ ಸಣ್ಣದು ಎಷ್ಟು ಹಿಡಿಯುತ್ತೆ ನೋಡು, ಪಾತ್ರೆಯಲ್ಲಿ ಆ ದೊಡ್ಡದು ಎಷ್ಟು ಹಿಡಿಯುತ್ತೆ ನೋಡು, ಆಮೇಲೆ ಗುಣಿಸು.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದು ಚೊಂಬಿಗೆ 5 ಲೋಟ ನೀರು. ಒಂದು ಕೊಡಕ್ಕೆ 12 ಚೊಂಬು. ಕೊಡದಲ್ಲಿ ಲೋಟ ಎಷ್ಟು? ಅರವತ್ತು ಸಲ ಲೋಟ ಮುಳುಗಿಸಬೇಕಿಲ್ಲ. ಹನ್ನೆರಡು ಸಲ ಚೊಂಬು, ಒಂದು ಸಲ ಮಗ್ಗಿ. ಗುಣಾಕಾರ ಶ್ರಮ ಉಳಿಸುವ ಯಂತ್ರ ಅನ್ನೋದು ಮಗುವಿನ ರಟ್ಟೆಗೆ ತಿಳಿಯಿತು.

ನಮ್ಮ ಊರುಗಳಲ್ಲಿ ಇದಕ್ಕೆ ಬೇಕಾದ ಸರಕು ಬೇಕಾದಷ್ಟಿದೆ. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಹೂವು ಈ ಅಳತೆಯಲ್ಲೇ ಮಾರೋದು. ಮೂರು ಮಾರು ಹೂವು ಅಂದರೆ ಎಷ್ಟು ಗೇಣು? ಮಾರಿಗೆ ಎಂಟು ಗೇಣು, ಎಂಟ್ಮೂರ್ಲ 24. ಹೂವಾಡಗಿತ್ತಿಯ ಮೊಳ ಬೇರೆ, ಕೊಳ್ಳುವವಳ ಮೊಳ ಬೇರೆ, ಜಗಳ ಖಾಯಂ. ಆ ಜಗಳವೇ ಪಾಠ. ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ಯಾವ ಪುಸ್ತಕದಲ್ಲಿದೆ?

ತೋಟದಲ್ಲಿ ಏಳೇಳ್ಲ

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. 1089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರಡಿ. ಗುಂಟೆ ಎಂಬ ಮಾತು ಹಳ್ಳಿಯ ಪ್ರತಿ ಮಗುವಿನ ಕಿವಿಗೂ ದಿನಾ ಬೀಳುತ್ತೆ. ಒಂದು ಗುಂಟೆ ಎಷ್ಟು ಜಾಗ ಅಂತ ಕಾಲಿನಿಂದ ಸುತ್ತಿ ನೋಡಿದ ಮಕ್ಕಳೆಷ್ಟು? ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿ ಹಾಕಿ ಒಂದು ಗುಂಟೆ ಗೆರೆ ಎಳೆಸಲಿ. ಮೀಟರಿನಲ್ಲಿ ಅದು ಹೆಚ್ಚುಕಡಿಮೆ ಹತ್ತು ಮೀಟರು ಚೌಕ. ಸುಮಾರು 101 ಚದರ ಮೀಟರು. ಹಳೆ ಅಳತೆ, ಹೊಸ ಅಳತೆ ಎರಡೂ ಒಂದೇ ಗೆರೆಯಲ್ಲಿ ಭೇಟಿಯಾದವು.

ತೆಂಗಿನ ಸಸಿಯನ್ನು 30 ಅಡಿಗೊಂದರಂತೆ ಹಾಕೋದು ರೂಢಿ. 210 ಅಡಿ ಚೌಕದ ಜಮೀನು ಅಂದರೆ ಒಂದು ಎಕರೆಗಿಂತ ಅರ್ಧ ಗುಂಟೆಯಷ್ಟು ಜಾಸ್ತಿ. ಬದುವಿನಿಂದ 15 ಅಡಿ ಒಳಗೆ ಮೊದಲ ಸಸಿ ಇಟ್ಟರೆ ಸಾಲಿಗೆ ಏಳು ಸಸಿ, ಅಂಥ ಸಾಲು ಏಳು. ಏಳೇಳ್ಲ 49. ಎಕರೆಗೆ ಐವತ್ತು ತೆಂಗು ಅಂತ ರೈತರು ಬಾಯಲ್ಲಿ ಹೇಳುವ ಲೆಕ್ಕ ಬಂದದ್ದು ಇಲ್ಲಿಂದಲೇ. ಅದೇ ಬದುವಿನ ಒಂದು ಮಗ್ಗುಲಿಗೆ 30 ಅಡಿಗೊಂದು ಕಲ್ಲುಕಂಬ ನೆಟ್ಟರೆ ಎಷ್ಟು ಕಂಬ? ಏಳು ಅಂದರೆ ತಪ್ಪು. ಸಂದು ಏಳು, ಕಂಬ ಎಂಟು! ಕಾಗದದ ಮೇಲೆ ಭಾಗಾಕಾರ ಮಾಡಿ ಏಳು ಕಂಬ ತಂದವರು ಮತ್ತೆ ಗಾಡಿ ಬಾಡಿಗೆ ಕೊಟ್ಟು ಎಂಟನೆಯದು ತರಬೇಕು. ಬಟಾಣಿ ಕಾಳು, ಕಡ್ಡಿ ಜೋಡಿಸಿ ಕಲಿತ ಮಗುವಿಗೆ ಈ ಖರ್ಚಿಲ್ಲ.

ವಾಲಿದ ಹೊಲದ ಮೋಸ

ಹೊಲಗಳು ಸೈಟಿನ ಹಾಗೆ ನೆಟ್ಟಗಿರೋದಿಲ್ಲ. ಎದುರುಬದುರು ಬದುಗಳ ಸರಾಸರಿ ತೆಗೆದು ಗುಣಿಸೋದು ಬಾಯಿಲೆಕ್ಕದ ಹಳೇ ಪದ್ಧತಿ. ಮಹಾವೀರಾಚಾರ್ಯನೂ ಹೊಲದ ಅಳತೆಯಲ್ಲಿ 'ವ್ಯಾವಹಾರಿಕ' ಮತ್ತು 'ಸೂಕ್ಷ್ಮ' ಅಂತ ಎರಡು ಬಗೆ ಹೇಳಿದ್ದಾನೆ. ಒಂದು ಅಂದಾಜಿನದು, ಇನ್ನೊಂದು ಖರೆ. ಇವೆರಡರ ನಡುವಿನ ವ್ಯತ್ಯಾಸ ಯಾರ ಜೇಬಿಗೆ ಹೋಗುತ್ತೆ ಅನ್ನೋದೇ ಪ್ರಶ್ನೆ.

ಉದಾಹರಣೆಗೆ ಒಂದು ಹೊಲದ ಉದ್ದದ ಬದು ಎರಡೂ ಕಡೆ 100 ಅಡಿ, ಅಡ್ಡ ಬದು ಎರಡೂ ಕಡೆ 50 ಅಡಿ. ಬಾಯಿಲೆಕ್ಕದಲ್ಲಿ 5000 ಚದರಡಿ. ಆದರೆ ಹೊಲ ಒಂದು ಕಡೆಗೆ ವಾಲಿದೆ. ಉದ್ದದ ಎರಡು ಬದುಗಳ ನಡುವೆ ನೆಟ್ಟಗೆ ಟೇಪು ಹಿಡಿದರೆ ಬರೀ 40 ಅಡಿ. ಹಾಗಾದರೆ ನಿಜವಾದ ವಿಸ್ತೀರ್ಣ 4000. ಒಂದು ಸಾವಿರ ಚದರಡಿ, ಅಂದರೆ ಹತ್ತಿರ ಹತ್ತಿರ ಒಂದು ಗುಂಟೆ ಜಮೀನು ಗಾಳಿಯಲ್ಲಿ ಮಾರಾಟವಾಯಿತು! ಈ ಸರಾಸರಿ ಪದ್ಧತಿಯ ವಿಶೇಷ ಏನೆಂದರೆ ಅದು ಯಾವತ್ತೂ ಕಡಿಮೆ ತೋರಿಸೋದಿಲ್ಲ. ತೋರಿಸಿದರೆ ಜಾಸ್ತಿಯನ್ನೇ. ಮಾರುವವನಿಗೆ ಹಬ್ಬ, ಕೊಳ್ಳುವವನಿಗೆ ತಿಥಿ. ಅಣ್ಣತಮ್ಮಂದಿರ ಪಾಲಿನಲ್ಲೂ ಇದೇ ಕಥೆ. ಪಂಚಾಯ್ತಿಕಟ್ಟೆಯ ಮೇಲೆ ಸರಿಯಾಗಿ ಹಂಚಿದ್ದು ಸರ್ವೆಯವರು ಬಂದ ದಿನ ಸರಿಯಿಲ್ಲ ಅಂತಾಗುತ್ತೆ, ಕೋರ್ಟು ಕಚೇರಿ ಶುರುವಾಗುತ್ತೆ.

ನಾಲ್ಕನೇ ತರಗತಿ ಮಗುವಿಗೆ ಸೂತ್ರ ಬೇಡ. ಅಡ್ಡ ಬದು ಒಂದೊಂದು ಅಡಿಗೂ ಎಷ್ಟು ವಾಲಿದೆ ಅಂತ ನೋಡಿಕೊಂಡು ಚೌಕುಳಿ ಹಾಳೆಯ ಮೇಲೆ ಆ ಹೊಲ ಬರೆಯಲಿ. ಒಂದು ಚೌಕಕ್ಕೆ ಹತ್ತಡಿ. ಪೂರ್ತಿ ಚೌಕ ಎಣಿಸಲಿ, ಅರೆಬರೆ ಚೌಕಗಳನ್ನು ಜೋಡಿ ಮಾಡಿ ಎಣಿಸಲಿ. 50 ಚೌಕ ಬರಬೇಕಾದ ಕಡೆ 40 ಬಂತು. ಮಗು ಅಪ್ಪನನ್ನು ಕೇಳುತ್ತೆ, "ಅಪ್ಪಾ, ಉಳಿದ ಹತ್ತು ಎಲ್ಲಿ?" ಈ ಪ್ರಶ್ನೆಗೆ ಬೆಲೆ ಕಟ್ಟಲು ಸಾಧ್ಯವೇ?

ನಕ್ಷೆ ಬರೆದರೆ ಗುಣಾಕಾರ ತಾನಾಗಿ

ನಕ್ಷೆ ಅಂದರೆ ಸಮಾಜ ಪಾಠದ ಸ್ವತ್ತು ಅಂತ ಲೆಕ್ಕದ ಮೇಷ್ಟ್ರು ಅಂದುಕೊಂಡಿದ್ದಾರೆ. ನಕ್ಷೆಯ ಜೀವವೇ ಗುಣಾಕಾರ. ಸರ್ವೆ ಇಲಾಖೆಯ ಹಳೇ ಸರಪಳಿ 33 ಅಡಿಯದ್ದು, ಅದಕ್ಕೆ 16 ಆಣೆ. ಒಂದಾಣೆ ಅಂದರೆ ಎರಡಡಿ ಮುಕ್ಕಾಲಂಗುಲ. ಆ ಸರಪಳಿ ಎಳೆದೇ ಊರೂರಿನ ನಕ್ಷೆ ಬರೆದದ್ದು. ಭಾರತ ಸರ್ವೇಕ್ಷಣಾ ಇಲಾಖೆಯ ಸಾಮಾನ್ಯ ಭೂಪಟದ ಪ್ರಮಾಣ ಒಂದಕ್ಕೆ ಐವತ್ತು ಸಾವಿರ. ಹಾಳೆ ಮೇಲಿನ ಒಂದು ಸೆಂಟಿಮೀಟರು ನೆಲದ ಮೇಲೆ ಅರ್ಧ ಕಿಲೋಮೀಟರು. ಎರಡು ಊರುಗಳ ನಡುವೆ ಹಾಳೆಯಲ್ಲಿ 9 ಸೆಂ.ಮೀ. ಇದ್ದರೆ ನೆಲದಲ್ಲಿ ನಾಲ್ಕೂವರೆ ಕಿ.ಮೀ. ಇದು ಅಜ್ಜನ ಅರೆಮಗ್ಗಿಯೇ ಅಲ್ಲವೇ?

ಶಾಲೆಯಲ್ಲಿ ಇಷ್ಟು ದೂರ ಹೋಗಬೇಕಿಲ್ಲ. ಮಗು ತನ್ನ ಹತ್ತು ಹೆಜ್ಜೆ ಎಷ್ಟು ಮೀಟರು ಅಂತ ಮೊದಲು ಟೇಪಿನಲ್ಲಿ ನೋಡಲಿ. 5 ಮೀಟರು ಬಂತು ಅನ್ನಿ. ಶಾಲೆ ಗೇಟಿನಿಂದ ಬೋರ್‌ವೆಲ್ಲಿಗೆ 120 ಹೆಜ್ಜೆ. ಹನ್ನೆರಡು ಹತ್ತುಗಳು, ಹನ್ನೆರಡೈದ್ಲ 60 ಮೀಟರು. ಹಾಳೆಯಲ್ಲಿ 10 ಮೀಟರಿಗೆ ಒಂದು ಸೆಂ.ಮೀ. ಇಟ್ಟರೆ 6 ಸೆಂ.ಮೀ. ಗೆರೆ. ಹೀಗೆ ಬೋರ್‌ವೆಲ್ಲು, ಅರಳಿಮರ, ಅಂಗನವಾಡಿ, ಹಾಲಿನ ಡೇರಿ ಎಲ್ಲ ಹಾಳೆಗೆ ಬಂದರೆ ಊರಿನ ನಕ್ಷೆ ಸಿದ್ಧ. ಬರೆದ ಮಗುವಿಗೆ ತಾನು ಗುಣಿಸಿದ್ದು, ಭಾಗಿಸಿದ್ದು ನೆನಪಿಗೂ ಬಂದಿರೋದಿಲ್ಲ. ಅದೇ ನಕ್ಷೆಯನ್ನು ಎರಡರಷ್ಟು ದೊಡ್ಡದಾಗಿ ಬರಿ ಅಂದರೆ ನಾಲ್ಕು ಪಟ್ಟು ಹಾಳೆ ಬೇಕಾಗುತ್ತೆ. ಮೇಲೆ ಹೇಳಿದ 60×80 ಸೈಟಿನ ಗುಟ್ಟು ಇಲ್ಲಿ ಬಯಲು.

ತಪ್ಪು ಹಿಡಿಯುವ ಗೆರೆ

ಇನ್ನು ಗ್ರಾಫು. ಹೈಸ್ಕೂಲಿನವರೆಗೆ ಅದನ್ನು ಮುಚ್ಚಿಡೋದು ಯಾಕೋ ತಿಳಿಯದು. ಅಡಿಯಲ್ಲಿ ಪೆನ್ನುಗಳ ಸಂಖ್ಯೆ, ಪಕ್ಕದಲ್ಲಿ ರೂಪಾಯಿ. ಪೆನ್ನಿಗೆ 5 ರೂಪಾಯಿ ಅಂತ ಚುಕ್ಕೆ ಇಡುತ್ತಾ ಹೋದರೆ ಐದರ ಮಗ್ಗಿ ಒಂದು ನೆಟ್ಟನೆ ಗೆರೆಯಾಗಿ ಏರುತ್ತೆ. ಏಳರ ಮಗ್ಗಿ ಅದಕ್ಕಿಂತ ಕಡಿದಾದ ಏರು. ಮೂರರದ್ದು ಮಂದ ಏರು. ಯಾವುದೋ ಮಗು ಏಳಾರ್ಲ ನಲವತ್ನಾಲ್ಕು ಅಂತ ಚುಕ್ಕೆ ಇಟ್ಟರೆ ಅದು ಗೆರೆಯಿಂದ ಹೊರಗೆ ಬೀಳುತ್ತೆ. ಮೇಷ್ಟ್ರು ಬಯ್ಯಬೇಕಿಲ್ಲ, ಗೆರೆಯೇ ತಪ್ಪು ಹಿಡಿಯಿತು.

ಎಲ್ಲವೂ ಮಗ್ಗಿಯಲ್ಲ ಅನ್ನೋದನ್ನೂ ಗ್ರಾಫು ತೋರಿಸುತ್ತೆ. ಆಟೋ ಬಾಡಿಗೆ ನೋಡಿ. ಮೊದಲು ಕನಿಷ್ಠ ದರ, ಆಮೇಲೆ ಕಿಲೋಮೀಟರಿಗಿಷ್ಟು. ದೂರ ಎರಡರಷ್ಟಾದರೆ ಬಾಡಿಗೆ ಎರಡರಷ್ಟಾಗೋದಿಲ್ಲ. ಗೆರೆ ಸೊನ್ನೆಯಿಂದ ಹೊರಡೋದೇ ಇಲ್ಲ. ಎಲ್ಲಿ ಗುಣಿಸಬೇಕು, ಎಲ್ಲಿ ಗುಣಿಸಬಾರದು ಅಂತ ತಿಳಿಯೋದು ಮಗ್ಗಿ ಕಲಿತಷ್ಟೇ ಮುಖ್ಯ.

ಮಳೆಯ ಲೆಕ್ಕ ಇನ್ನೂ ಸೊಗಸು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರು ನೀರು. ನೆಟ್ಟಗಿರುವ ಡಬ್ಬಿಯೊಂದನ್ನು ಬಯಲಲ್ಲಿಟ್ಟು ದಿನಾ ಸ್ಕೇಲಿನಲ್ಲಿ ಅಳೆದು ಗೋಡೆಯ ಮೇಲೆ ಕಂಬಚಿತ್ರ ಬರೆಯಲಿ. ಶಾಲೆಯ ತಾರಸಿ 10 ಮೀಟರು ಉದ್ದ, 8 ಮೀಟರು ಅಗಲ, ಅಂದರೆ 80 ಚದರ ಮೀಟರು. ಒಂದು ದಿನ 12 ಮಿ.ಮೀ. ಮಳೆ. ಹನ್ನೆರಡೆಂಬತ್ಲ 960 ಲೀಟರು. ಇನ್ನೂರು ಲೀಟರಿನ ಡ್ರಮ್ಮು ಹೆಚ್ಚುಕಡಿಮೆ ಐದು ತುಂಬೀತು. ಕುಡಿಯುವ ನೀರಿಗೆ ಟ್ಯಾಂಕರು ಕಾಯುವ ಊರಿನಲ್ಲಿ ಈ ಲೆಕ್ಕ ಮಕ್ಕಳ ಆಟವಲ್ಲ.

ಬಿಸಿಯೂಟದ ಪಾಠ

ಅಷ್ಟು ದೂರ ಯಾಕೆ? ಪ್ರತಿ ಸರ್ಕಾರಿ ಶಾಲೆಯಲ್ಲೂ ದಿನಾ ಗುಣಾಕಾರ ನಡೆಯುವ ಜಾಗ ಒಂದಿದೆ. ಅದು ಅಡುಗೆಮನೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ ಅಂತ ಬಿಸಿಯೂಟದ ನಿಯಮ. 2013 ರಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಮಗುವಿಗೆ 150 ಮಿಲಿಲೀಟರು ಹಾಲಿನ ಲೆಕ್ಕ. ಹಾಜರಿ 48 ಇದ್ದರೆ ಅಕ್ಕಿ 4 ಕಿಲೋ 800 ಗ್ರಾಂ, ಹಾಲು 7 ಲೀಟರು 200. ಈ ಲೆಕ್ಕವನ್ನು ಮೇಷ್ಟ್ರು ಒಬ್ಬರೇ ರಿಜಿಸ್ಟರಿನಲ್ಲಿ ಬರೆದು ಮುಚ್ಚಿಡ್ತಾರೆ. ಅದನ್ನೇ ಕಪ್ಪುಹಲಗೆಗೆ ತಂದು, ದಿನಕ್ಕೊಬ್ಬ ಮಗು ಎದ್ದು ಮಾಡಲಿ. ಲೆಕ್ಕವೂ ಆಯಿತು, ತಮಗೆ ಎಷ್ಟು ಬರಬೇಕು ಅಂತ ಮಕ್ಕಳಿಗೂ ತಿಳಿಯಿತು. ತಿಳಿಯಬಾರದು ಅನ್ನುವವರು ಯಾರಾದರೂ ಇದ್ದರೆ ಅವರಿಗೆ ಮಾತ್ರ ಇದು ಕಷ್ಟ.

ಮೇಷ್ಟ್ರ ಕಷ್ಟವೂ ಕಷ್ಟವೇ

ಹೀಗೆ ಬರೆದಿಡೋದು ಸುಲಭ, ಮಾಡೋರು ಯಾರು ಅಂತ ಮೇಷ್ಟ್ರುಗಳು ಕೇಳೋದು ನ್ಯಾಯವೇ. ಒಬ್ಬರೇ ಇಬ್ಬರೇ ಇರುವ ಶಾಲೆಯಲ್ಲಿ ಐದು ತರಗತಿ ನೋಡಬೇಕು. ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ, ಆನ್‌ಲೈನ್ ಮಾಹಿತಿ, ಗಣತಿ, ಚುನಾವಣೆ, ತರಬೇತಿ... ಮಕ್ಕಳನ್ನು ಬಯಲಿಗೆ ಬಿಟ್ಟು ಟೇಪು ಹಿಡಿಸಿದರೆ ನೋಡಿದವರು "ಮೇಷ್ಟ್ರು ಪಾಠ ಮಾಡ್ತಿಲ್ಲ, ಆಟ ಆಡಿಸ್ತಾರೆ" ಅಂತಾರೆ. ಪಕ್ಕದ ಕಾನ್ವೆಂಟಿನ ಮಗು ಇಪ್ಪತ್ತರ ಮಗ್ಗಿ ಇಂಗ್ಲಿಷಿನಲ್ಲಿ ಹೇಳಿದರೆ ತಂದೆತಾಯಿಗಳು ಟಿ.ಸಿ. ಕೇಳ್ಕೊಂಡು ಬರ್ತಾರೆ.

ಆದರೂ ದಾರಿ ಇಲ್ಲದಿಲ್ಲ. ಮೈಸೂರು ಜಿಲ್ಲೆಯವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ. 1995 ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಶುರು ಮಾಡಿದರು. ಕಾಡಂಚಿನ, ಹಿಂದುಳಿದ ತಾಲ್ಲೂಕು ಅನ್ನಿಸಿಕೊಂಡ ಕೋಟೆಯಲ್ಲಿ ಹುಟ್ಟಿದ ಆ ಪದ್ಧತಿ 2009-10 ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಸಣ್ಣ ತರಗತಿಯ ಮಕ್ಕಳು ಗುಂಪಾಗಿ ಕೂತು ಕಾರ್ಡು ಹಿಡಿದು ತಮ್ಮ ತಮ್ಮ ಮೆಟ್ಟಿಲಿನಲ್ಲಿ ಕಲಿಯುವ ಕ್ರಮ ಅದು. ಆಮೇಲೆ ಅಕ್ಷರ ಫೌಂಡೇಷನ್ನಿನ ಜೊತೆ ಸರ್ಕಾರ 'ಗಣಿತ ಕಲಿಕಾ ಆಂದೋಲನ' ನಡೆಸಿತು. ನಾಲ್ಕು ಮತ್ತು ಐದನೇ ತರಗತಿಗೆ ಮಣಿಚೌಕಟ್ಟು, ಹತ್ತರ ಕಟ್ಟುಗಳು, ಅಳತೆ ಸಾಮಾನು ಎಲ್ಲ ಇರುವ ಪೆಟ್ಟಿಗೆ ಬಂತು. ಪೆಟ್ಟಿಗೆ ಬೀರುವಿನ ಒಳಗಿದ್ದರೆ ಮಾತ್ರ ಪ್ರಯೋಜನವಿಲ್ಲ. "ಕಳೆದರೆ ಯಾರು ಜವಾಬ್ದಾರಿ?" ಅಂತ ಬೀಗ ಹಾಕಿಡುವ ಅಭ್ಯಾಸ ನಮ್ಮ ಕಚೇರಿಗಳಿಗೆ ಹಳೆಯದು. ಟೇಪು ಹರಿದರೆ ಹರಿಯಲಿ. ಹರಿದ ಟೇಪು ಕಲಿತ ಮಗುವಿನ ಗುರುತು.

ಕೇಂದ್ರ ಸರ್ಕಾರ 2021 ರಲ್ಲಿ ಶುರು ಮಾಡಿದ 'ನಿಪುಣ್ ಭಾರತ್' ಯೋಜನೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು ಮತ್ತು ಮೂಲ ಲೆಕ್ಕ ಬರಬೇಕು ಅನ್ನುತ್ತೆ. ಅದಕ್ಕೆ ಇಟ್ಟ ಗಡುವು 2026-27. ಗಡುವು ದೆಹಲಿಯಲ್ಲಿ ಬರೆದದ್ದು, ಕೆಲಸ ಆಗಬೇಕಾದದ್ದು ಶಾಲೆಯ ಜಗುಲಿಯ ಮೇಲೆ.

ಎರಡೂ ಬೇಕು

ಮಗ್ಗಿ ಬಿಡಿ ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ಬೆಳಿಗ್ಗೆ ಹತ್ತು ನಿಮಿಷ ಮಗ್ಗಿ ಹೇಳಲಿ, ಜೋರಾಗಿಯೇ ಹೇಳಲಿ. ಆದರೆ ವಾರಕ್ಕೆ ಎರಡು ಪಿರಿಯಡ್ಡು ಆ ಮಗ್ಗಿ ನೆಲದ ಮೇಲೆ ನಡೆಯಲಿ. ಒಂದು ದಿನ ತರಗತಿ ಕೋಣೆಯ ಅಳತೆ, ಒಂದು ದಿನ ಊರಿನ ನಕ್ಷೆ, ಒಂದು ದಿನ ಮಳೆಯ ಲೆಕ್ಕ. ದೊಡ್ಡ ಮಗು ಟೇಪಿನ ಒಂದು ತುದಿ ಹಿಡಿಯಲಿ, ಸಣ್ಣದು ಇನ್ನೊಂದು ತುದಿ. ಒಬ್ಬರೇ ಮೇಷ್ಟ್ರಿರುವ ಶಾಲೆಗೂ ಇದು ಅನುಕೂಲವೇ, ಯಾಕಂದರೆ ಅಳೆಯುವ ಕೆಲಸದಲ್ಲಿ ಎರಡನೇ ತರಗತಿಗೂ ಐದನೇ ತರಗತಿಗೂ ಬೇರೆ ಬೇರೆ ಪಾಲು ಸಿಗುತ್ತೆ. ಸಣ್ಣವರು ಎಣಿಸಲಿ, ದೊಡ್ಡವರು ಗುಣಿಸಲಿ.

ಶಾಲಾಭಿವೃದ್ಧಿ ಸಮಿತಿಯವರಿಗೂ ಒಂದು ಮಾತು. ಸಭೆಗೆ ಹೋದಾಗ ಬಣ್ಣ, ಗೇಟು, ಧ್ವಜಸ್ತಂಭದ ವಿಚಾರ ಆದ ಮೇಲೆ ಐದು ನಿಮಿಷ ಉಳಿಸಿಕೊಳ್ಳಿ. ಐದನೇ ತರಗತಿಯ ಮಗುವೊಂದನ್ನು ಕರೆದು ಕೈಗೆ ಟೇಪು ಕೊಡಿ. "ಈ ಕೋಣೆಗೆ ಎರಡಡಿ ಚೌಕದ ಟೈಲ್ಸು ಎಷ್ಟು ಬೇಕು ಮಗೂ?" ಅಂತ ಕೇಳಿ. ಕೋಣೆ ಇಪ್ಪತ್ತಡಿ ಚೌಕ ಆಗಿದ್ದರೆ ಸಾಲಿಗೆ ಹತ್ತು, ಹತ್ತು ಸಾಲು, ನೂರು ಟೈಲ್ಸು. "ನಾನೂರು ಭಾಗಿಸು ಎರಡು, ಇನ್ನೂರು" ಅಂತ ಮಗು ಹೇಳಿದರೆ ಬಯ್ಯಬೇಡಿ. ಟೈಲ್ಸ್ ಅಂಗಡಿಯವನು ಇನ್ನೂರರ ಬಿಲ್ಲು ಕೊಟ್ಟಾಗ ಸಮಿತಿಯಲ್ಲಿ ಎಷ್ಟು ಜನ ಅದನ್ನು ಹಿಡಿಯಬಲ್ಲಿರಿ ಅಂತ ಮೊದಲು ನಿಮ್ಮ ನಿಮ್ಮಲ್ಲೇ ಕೇಳಿಕೊಳ್ಳಿ.